ಸರಾಸರಿಯ ಬಿಸಿಲು, ಆಷಾಢದ ಕತ್ತಲೆ

ಮನೆಯ ಮೇಲೆ ಸೌರಫಲಕ ಅಳವಡಿಸಿಕೊಳ್ಳುವವರಿಗೆ ಒಪ್ಪಿಸಲಾಗುವ ಲೆಕ್ಕವೆಲ್ಲ ವರ್ಷದ ಸರಾಸರಿಯ ಲೆಕ್ಕ. ಒಂದು ಕಿಲೋವಾಟ್ ಸಾಮರ್ಥ್ಯದ ಫಲಕಗಳು ನಮ್ಮ ರಾಜ್ಯದಲ್ಲಿ ದಿನವೊಂದಕ್ಕೆ ಸುಮಾರು 4 ಯೂನಿಟ್ ವಿದ್ಯುತ್ ಕೊಡುತ್ತವೆ ಎಂದು ಮಾರುವವರೂ ಹೇಳುತ್ತಾರೆ, ಯೋಜನೆ ರೂಪಿಸುವವರೂ ಹೇಳುತ್ತಾರೆ. ಈ ಲೆಕ್ಕ ತಪ್ಪೇನೂ ಅಲ್ಲ. ಆದರೆ ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ಜೊಯಿಡಾ, ದಾಂಡೇಲಿ, ಹಳಿಯಾಳ ಮತ್ತು ಮುಂಡಗೋಡ ತಾಲ್ಲೂಕುಗಳಲ್ಲಿ ಯಾವ ಕುಟುಂಬವೂ ಸರಾಸರಿಯ ದಿನದಲ್ಲಿ ಬದುಕುವುದಿಲ್ಲ. ಮಾರ್ಚ್ ತಿಂಗಳಲ್ಲಿ ಬ್ಯಾಟರಿ ತುಂಬಿ ಬಿಸಿಲು ವ್ಯರ್ಥವಾಗುತ್ತದೆ. ಜುಲೈನಲ್ಲಿ ಅದೇ ಬ್ಯಾಟರಿ ವಾರದೊಳಗೆ ಬರಿದಾಗುತ್ತದೆ. ಈ ಅಂತರವನ್ನು ತುಂಬುವ ಹೊಣೆ ಯಾರದು ಎಂಬುದು ಈವರೆಗೆ ಯಾವ ಯೋಜನೆಯಲ್ಲೂ ಸ್ಪಷ್ಟವಾಗಿ ಕೇಳಲಾಗದ ಪ್ರಶ್ನೆ.

ಸೌರವಿದ್ಯುತ್ತಿನ ಬರಗಾಲವೆಂದರೆ ಯುರೋಪಿನವರಿಗೆ ಚಳಿಗಾಲ. ಅಲ್ಲಿ ಡಿಸೆಂಬರ್ ತಿಂಗಳ ಹಗಲು ಚಿಕ್ಕದು, ಸೂರ್ಯ ದಿಗಂತದಿಂದ ಹೆಚ್ಚು ಮೇಲೇರುವುದಿಲ್ಲ, ಜೊತೆಗೆ ಮೋಡ. ಗಾಳಿಯೂ ನಿಂತುಹೋದ ಅಂಥ ಒಂದು ದಿನ, 2024ರ ಡಿಸೆಂಬರ್ 12ರಂದು, ಜರ್ಮನಿಯ ಸಗಟು ಮಾರುಕಟ್ಟೆಯಲ್ಲಿ ವಿದ್ಯುತ್ತಿನ ದರ ಒಂದು ಗಂಟೆಯ ಮಟ್ಟಿಗೆ ಮೆಗಾವಾಟ್-ಗಂಟೆಗೆ 900 ಯೂರೊಗಳನ್ನು ದಾಟಿತ್ತು. ಆದರೂ ಮನೆಗಳ ದೀಪ ಆರಲಿಲ್ಲ. ನೆರೆಯ ದೇಶಗಳಿಂದ, ಇತರ ಮೂಲಗಳಿಂದ ವಿದ್ಯುತ್ ಹರಿದುಬಂತು.

ನಮ್ಮ ಕಡೆಯ ಕತ್ತಲೆಯ ಋತು ಬೇರೆ. ದಾಂಡೇಲಿ ಇರುವುದು ಸುಮಾರು 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಡಿಸೆಂಬರ್ ಕೊನೆಯಲ್ಲಿಯೂ ಇಲ್ಲಿ ನಡುಹಗಲಿನ ಸೂರ್ಯ 50 ಡಿಗ್ರಿಗಿಂತ ಎತ್ತರದಲ್ಲಿರುತ್ತಾನೆ. ಹಗಲಿನ ಅವಧಿ 11 ಗಂಟೆಗೂ ಹೆಚ್ಚು. ಕಾಳಿ ಕಣಿವೆಯ ಮುಂಜಾವಿನ ಮಂಜು, ಬಂಗಾಳ ಕೊಲ್ಲಿಯ ವಾಯುಭಾರ ಕುಸಿತದಿಂದ ಎರಡು ಮೂರು ದಿನ ಕವಿಯುವ ಮೋಡ, ಓರೆಯಾದ ಬಿಸಿಲಿಗೆ ಅಡ್ಡವಾಗುವ ಮರದ ನೆರಳು, ಇಷ್ಟನ್ನು ಬಿಟ್ಟರೆ ನಮ್ಮ ಚಳಿಗಾಲ ಸೌರಫಲಕಗಳಿಗೆ ಸುಗ್ಗಿಯೇ ಸರಿ. ಫಲಕಗಳ ನಿಜವಾದ ‘ಚಳಿಗಾಲ’ ಬರುವುದು ಮೃಗಶಿರಾ ಮಳೆಯೊಂದಿಗೆ. ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ ಮಳೆಗಳು ಮುಗಿಯುವವರೆಗೆ ಪಶ್ಚಿಮದ ಕಾಡಿನಲ್ಲಿ ಸೂರ್ಯನ ಮುಖ ಕಾಣುವುದೇ ಅಪರೂಪ. ‘ಆದರೆ ಆರಿದ್ರಾ, ಇಲ್ಲವಾದರೆ ದರಿದ್ರ’ ಎಂಬುದು ರೈತನ ಗಾದೆ. ಗದ್ದೆಗೆ ಭಾಗ್ಯ ತರುವ ಅದೇ ಮಳೆ ಫಲಕಕ್ಕೆ ಬಡತನ ತರುತ್ತದೆ.

ಈ ಬಡತನವೂ ನಾಲ್ಕೂ ತಾಲ್ಲೂಕುಗಳಲ್ಲಿ ಒಂದೇ ತೆರನಾಗಿಲ್ಲ. ಜೊಯಿಡಾದ ಪಶ್ಚಿಮ ಅಂಚಿನ ಕ್ಯಾಸಲ್‌ರಾಕ್ ರಾಜ್ಯದ ಅತಿ ಹೆಚ್ಚು ಮಳೆ ಬೀಳುವ ತಾಣಗಳಲ್ಲಿ ಒಂದು. ಅಲ್ಲಿಂದ ಪೂರ್ವಕ್ಕೆ ಹಳಿಯಾಳದ ಕಬ್ಬಿನ ಗದ್ದೆ, ಮುಂಡಗೋಡದ ಭತ್ತ ಮತ್ತು ಗೋವಿನಜೋಳದ ಬಯಲಿಗೆ ಬರುವಷ್ಟರಲ್ಲಿ ಮಳೆ ಬಹುಪಾಲು ಇಳಿದಿರುತ್ತದೆ. ಮೋಡಗಳ ನಡುವೆ ಬಿಸಿಲು ಇಣುಕುತ್ತದೆ. ಮುಂಡಗೋಡದ ಮನೆಗೆ ಸಾಕಾಗುವ ಫಲಕ ಮತ್ತು ಬ್ಯಾಟರಿ ಜೊಯಿಡಾದ ಕಾಡಿನ ಮನೆಗೆ ಸಾಲದು. ಆದರೆ ಸರ್ಕಾರದ ಮಾನದಂಡ ಇಡೀ ದೇಶಕ್ಕೆ ಒಂದೇ. 2017ರ ಸೌಭಾಗ್ಯ ಯೋಜನೆಯಲ್ಲಿ ಜಾಲದಿಂದ ದೂರವಿರುವ ಮನೆಗಳಿಗೆ 200ರಿಂದ 300 ವಾಟ್ ಫಲಕ, 5 ಎಲ್‌ಇಡಿ ದೀಪ, ಒಂದು ಫ್ಯಾನ್ ಒದಗಿಸಲು ಅವಕಾಶವಿತ್ತು. ರಾಜಸ್ಥಾನದ ಮರುಭೂಮಿಗೂ ಮಲೆನಾಡಿಗೂ ಇದೇ ಪಟ್ಟಿ.

ಸರಾಸರಿಯ ಲೆಕ್ಕ ಎಲ್ಲಿ ಸೋಲುತ್ತದೆ ಎಂಬುದಕ್ಕೆ ಒಂದು ಚಿಕ್ಕ ಉದಾಹರಣೆ ನೋಡೋಣ. ಕಾಡಿನ ಅಂಚಿನ ಮನೆಯೊಂದರಲ್ಲಿ 5 ವಾಟ್‌ನ ಮೂರು ದೀಪಗಳು ರಾತ್ರಿ ಐದು ಗಂಟೆ ಉರಿಯುತ್ತವೆ ಎಂದುಕೊಳ್ಳಿ. ಇದಕ್ಕೆ 75 ವಾಟ್-ಗಂಟೆ ಬೇಕು. ಮೊಬೈಲ್ ಚಾರ್ಜಿಗೆ ಇನ್ನೊಂದು 10. ಒಟ್ಟು 85. ಈ ಮನೆಗೆ 40 ವಾಟ್‌ನ ಫಲಕ ಮತ್ತು 12 ವೋಲ್ಟ್, 40 ಆಂಪಿಯರ್-ಅವರ್‌ನ ಬ್ಯಾಟರಿ ಇದೆ. ಶುಭ್ರ ಬಿಸಿಲಿನ ದಿನ ಐದು ಗಂಟೆಯ ಪೂರ್ಣ ಬಿಸಿಲಿಗೆ ಸಮನಾದ ಬೆಳಕು ಸಿಕ್ಕರೆ, ಸೋರಿಕೆ ಕಳೆದು ಸುಮಾರು 150 ವಾಟ್-ಗಂಟೆ ಕೈಗೆ ಬರುತ್ತದೆ. ಬೇಕಾದುದರ ಹತ್ತಿರ ಹತ್ತಿರ ಎರಡರಷ್ಟು. ಕಾಗದದ ಮೇಲೆ ಈ ಮನೆ ‘ಹೆಚ್ಚುವರಿ’ ಮನೆ.

ದಟ್ಟ ಮೋಡದ ದಿನ ಫಲಕ ಕೊಡುವುದು ಶುಭ್ರ ದಿನದ ಹತ್ತರಲ್ಲೊಂದರಿಂದ ನಾಲ್ಕರಲ್ಲೊಂದು ಪಾಲು ಮಾತ್ರ. ಐದರಲ್ಲೊಂದು ಎಂದು ಹಿಡಿದರೂ ದಿನಕ್ಕೆ 30 ವಾಟ್-ಗಂಟೆ; ಪ್ರತಿದಿನದ ಕೊರತೆ 55. ಸೀಸ-ಆಮ್ಲ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸುವುದು ಅದರ ಆಯುಸ್ಸಿಗೆ ಒಳಿತಲ್ಲವಾದ್ದರಿಂದ ಅದರಲ್ಲಿ ಬಳಸಬಹುದಾದುದು ಸುಮಾರು 240 ವಾಟ್-ಗಂಟೆ. ಅಂದರೆ ನಾಲ್ಕು ದಿನ ದೀಪ ಉರಿಯುತ್ತದೆ, ಐದನೆಯ ದಿನ ಆರುತ್ತದೆ. ಜೊಯಿಡಾದ ಆಷಾಢ ನಾಲ್ಕು ದಿನಗಳದ್ದಲ್ಲ.

ಇಂಥ ಸ್ಥಿತಿಯಲ್ಲಿ ದೊಡ್ಡ ಬ್ಯಾಟರಿ ಕೊಳ್ಳಿರಿ ಎಂಬ ಸಲಹೆ ಸಾಮಾನ್ಯ. ಆದರೆ ಬ್ಯಾಟರಿ ಹಗಲಿನ ಬೆಳಕನ್ನು ರಾತ್ರಿಗೆ ಸಾಗಿಸಬಲ್ಲದೇ ಹೊರತು ಮಾರ್ಚ್ ತಿಂಗಳ ಬೆಳಕನ್ನು ಜುಲೈಗೆ ಸಾಗಿಸಲಾರದು. ಎರಡು ಪಟ್ಟು ದೊಡ್ಡ ಬ್ಯಾಟರಿ ಕತ್ತಲೆಯನ್ನು ಇನ್ನು ನಾಲ್ಕು ದಿನ ಮುಂದೂಡುತ್ತದೆ, ಅಷ್ಟೇ. ಮೇಲಾಗಿ ಬರಿದಾಗಿ ವಾರಗಟ್ಟಲೆ ಬಿದ್ದಿರುವ ಸೀಸ-ಆಮ್ಲ ಬ್ಯಾಟರಿಯ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕಟ್ಟಿಕೊಂಡು ಅದು ಅಕಾಲದಲ್ಲಿ ಹಾಳಾಗುತ್ತದೆ. ಇದರ ಬದಲು ಫಲಕವನ್ನು 80 ವಾಟ್‌ಗೆ ಏರಿಸಿದರೆ ಮೋಡದ ದಿನದ ಕೊರತೆ 25ಕ್ಕೆ ಇಳಿದು ಅದೇ ಬ್ಯಾಟರಿ ಒಂಬತ್ತು ದಿನ ಬಾಳುತ್ತದೆ. ಫಲಕ 120 ವಾಟ್ ಆದರೆ ಮೋಡದ ದಿನವೂ 90 ವಾಟ್-ಗಂಟೆ ಸಿಕ್ಕಿ ಕೊರತೆಯೇ ಉಳಿಯುವುದಿಲ್ಲ. ಕಳೆದ 15 ವರ್ಷಗಳಲ್ಲಿ ಸೌರಫಲಕಗಳ ಜಾಗತಿಕ ಬೆಲೆ ಶೇ 80ಕ್ಕೂ ಹೆಚ್ಚು ಕುಸಿದಿದೆ. ಇಂದು ವ್ಯವಸ್ಥೆಯ ಅಗ್ಗದ ಅಂಗ ಫಲಕ, ಪದೇಪದೇ ಬದಲಿಸಬೇಕಾದ ದುಬಾರಿ ಅಂಗ ಬ್ಯಾಟರಿ. ಬೇಸಿಗೆಯಲ್ಲಿ ವ್ಯರ್ಥವೆನಿಸುವ ಫಲಕ ಮಳೆಗಾಲದಲ್ಲಿ ವಿಮೆಯಂತೆ ಒದಗುತ್ತದೆ. ಹೆಚ್ಚಿದ ಫಲಕಕ್ಕೆ ಹೊಂದುವ ಚಾರ್ಜ್ ಕಂಟ್ರೋಲರ್ ಇರಬೇಕು ಎಂಬ ಎಚ್ಚರಿಕೆ ಮಾತ್ರ ಅಗತ್ಯ.

ಕೆಲವು ವರ್ಷಗಳ ಹಿಂದೆ ಆಷಾಢದ ಮಳೆಯಲ್ಲಿ ಜೊಯಿಡಾದ ಒಳಭಾಗದ ಮಜರೆಯೊಂದಕ್ಕೆ ಹೋಗಿದ್ದೆ. ಐದಾರು ಮನೆ, ಪ್ರತಿ ಮನೆಯ ಹಂಚಿನ ಮೇಲೂ ಒಂದು ಫಲಕ. ಸಂಜೆ ಆರೂವರೆಗೇ ಒಳಗೆ ಕತ್ತಲೆ ತುಂಬಿತ್ತು. ಮನೆಯ ಹಿರಿಯರು ಹೇಳಿದ ಮಾತು ಯಾವ ಅರ್ಥಶಾಸ್ತ್ರಜ್ಞನ ಮಾತಿಗೂ ಕಡಿಮೆಯದಾಗಿರಲಿಲ್ಲ. ಬೇಸಿಗೆಯಲ್ಲಿ ಅಂಗಳದಲ್ಲೇ ಕೂತು ಉಂಡು ಮಲಗುತ್ತೇವೆ, ಆಗ ದೀಪ ಸಾಕಷ್ಟಿದೆ. ಮಳೆಗಾಲದಲ್ಲಿ ಹಾವು ಒಳಗೆ ಬರುತ್ತದೆ, ಮಗುವಿಗೆ ಜ್ವರ ಬಂದರೆ ಹಳ್ಳ ದಾಟಲಾಗದು, ಆಗ ದೀಪವಿಲ್ಲ ಎಂದರು. ಬೇಡಿಕೆ ಉತ್ತುಂಗದಲ್ಲಿರುವಾಗಲೇ ಪೂರೈಕೆ ಪಾತಾಳಕ್ಕೆ ಇಳಿಯುವ ಇಂಥ ವ್ಯವಸ್ಥೆಯನ್ನು ವರ್ಷದ ಒಟ್ಟು ಯೂನಿಟ್‌ಗಳಿಂದ ಅಳೆಯುವುದು ಸರಿಯಲ್ಲ. ಹಿಂದೆ ಇಂಥ ದಿನಗಳಿಗೆ ಪಡಿತರದ ಸೀಮೆಎಣ್ಣೆ ಇತ್ತು. ಅದರ ಮೇಲಿನ ಕೇಂದ್ರದ ಸಹಾಯಧನ ಕೊನೆಗೊಂಡ ಮೇಲೆ ಚಿಮಣಿ ದೀಪದ ಆಸರೆಯೂ ತಪ್ಪಿದೆ.

ಈ ಕತ್ತಲೆಗೆ ಇಲ್ಲಿ ಇನ್ನೊಂದು ಮುಖವಿದೆ. ಇದೇ ಜೊಯಿಡಾ ತಾಲ್ಲೂಕಿನಲ್ಲಿ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟೆ ಇದೆ. ಹಳೆಯ ಸೂಪಾ ಊರನ್ನು ಮುಳುಗಿಸಿಕೊಂಡ ಅದರ ಜಲಾಶಯದ ಸಾಮರ್ಥ್ಯ ಸುಮಾರು 147 ಟಿಎಂಸಿ ಅಡಿ. ಅಲ್ಲಿಂದ ಹರಿಯುವ ನೀರು ಅಂಬಿಕಾನಗರದ ಬಳಿಯ ನಾಗಝರಿಯಲ್ಲಿ ಸುಮಾರು 900 ಮೆಗಾವಾಟ್ ಸಾಮರ್ಥ್ಯದ ಯಂತ್ರಗಳನ್ನು ತಿರುಗಿಸಿ, ಮುಂದೆ ಕೊಡಸಳ್ಳಿ ಮತ್ತು ಕದ್ರಾಗಳಲ್ಲಿ ಮತ್ತೆ ದುಡಿಯುತ್ತದೆ. ಸೂಪಾ ಮಾಡುವ ಕೆಲಸವೇನು? ಜುಲೈನ ಮಳೆಯನ್ನು ಹಿಡಿದಿಟ್ಟು ಏಪ್ರಿಲ್‌ನ ವಿದ್ಯುತ್ ಕೊರತೆಗೆ ಒದಗಿಸುವುದು. ಋತುವಿನಿಂದ ಋತುವಿಗೆ ಶಕ್ತಿಯನ್ನು ಸಾಗಿಸಬೇಕು ಎಂಬ ತತ್ವವನ್ನು ರಾಜ್ಯ ಒಪ್ಪಿಕೊಂಡೇ ಈ ಅಣೆಕಟ್ಟೆ ಕಟ್ಟಿತು. ಇಂದಿಗೂ ಮಳೆಗಾಲದಲ್ಲಿ ಪಾವಗಡದ ಸೌರ ಉದ್ಯಾನದ ಉತ್ಪಾದನೆ ಇಳಿದಾಗ ಚಿತ್ರದುರ್ಗ, ಗದಗ ಕಡೆಯ ಗಾಳಿಯಂತ್ರಗಳು ಭರದಿಂದ ತಿರುಗುತ್ತವೆ. ಉಳಿದುದನ್ನು ಜಲವಿದ್ಯುತ್ ಮತ್ತು ಉಷ್ಣವಿದ್ಯುತ್ ತುಂಬುತ್ತವೆ. ತಾನು ಒಂದೇ ಮೂಲವನ್ನು ನೆಚ್ಚಿಕೊಳ್ಳದ ರಾಜ್ಯ, ಸೂಪಾದ ಜಲಾನಯನ ಪ್ರದೇಶದ ಮನೆಗೆ ಮಾತ್ರ ಒಂದು ಫಲಕ, ಒಂದು ಬ್ಯಾಟರಿ ಕೊಟ್ಟು ಮರಳಿ ನೋಡುವುದಿಲ್ಲ.

ಹಾಗಾದರೆ ಈ ಮನೆಗಳಿಗೆ ತಂತಿಯನ್ನೇ ಎಳೆಯಬಾರದೇಕೆ ಎಂದು ಕೇಳಬಹುದು. ತಾಲ್ಲೂಕಿನ ದೊಡ್ಡ ಭಾಗ ಕಾಳಿ ಹುಲಿ ಸಂರಕ್ಷಿತ ಪ್ರದೇಶಕ್ಕೆ ಸೇರಿದೆ ಅಥವಾ ಅದಕ್ಕೆ ಹೊಂದಿಕೊಂಡಿದೆ. 2007ರಲ್ಲಿ ದಾಂಡೇಲಿ-ಅಣಶಿ ಹೆಸರಿನಲ್ಲಿ ಘೋಷಣೆಯಾಗಿ 2015ರಲ್ಲಿ ಈಗಿನ ಹೆಸರು ಪಡೆದ ಈ ಕಾಡಿನಲ್ಲಿ ತೆರೆದ ತಂತಿ ವನ್ಯಜೀವಿಗಳಿಗೂ ಅಪಾಯ, ಮಳೆಗಾಲದಲ್ಲಿ ಮರ ಬಿದ್ದರೆ ವಾರಗಟ್ಟಲೆ ದುರಸ್ತಿಯೂ ಕಷ್ಟ. ಐದಾರು ಮನೆಗಳಿಗಾಗಿ ಮೈಲುಗಟ್ಟಲೆ ನೆಲದಡಿಯ ಕೇಬಲ್ ಎಳೆಯುವುದು ಎಲ್ಲೆಡೆ ಸಾಧ್ಯವಾಗದು. ಆದ್ದರಿಂದ ಸೌರದೀಪದ ಆಯ್ಕೆ ತಪ್ಪಲ್ಲ. ಅದನ್ನು ಅರ್ಧಕ್ಕೆ ನಿಲ್ಲಿಸಿರುವುದು ತಪ್ಪು.

ಉಳಿದ ಅರ್ಧ ಇದೇ ಮಳೆಯಲ್ಲಿದೆ. ಸೂರ್ಯ ಮರೆಯಾಗುವ ದಿನಗಳಲ್ಲೇ ಇಲ್ಲಿನ ಪ್ರತಿ ಹಳ್ಳವೂ ತುಂಬಿ ಹರಿಯುತ್ತದೆ. ಸೆಕೆಂಡಿಗೆ 2 ಲೀಟರ್ ನೀರನ್ನು ಪೈಪಿನಲ್ಲಿ 10 ಮೀಟರ್ ಕೆಳಗೆ ಇಳಿಸಿ ಚಿಕ್ಕ ಟರ್ಬೈನ್ ತಿರುಗಿಸಿದರೆ, ಅರ್ಧದಷ್ಟು ನಷ್ಟವಾದರೂ 100 ವಾಟ್‌ನಷ್ಟು ವಿದ್ಯುತ್ ಸಿಗುತ್ತದೆ. ಕೇಳಲು ಅಲ್ಪ. ಆದರೆ ಹಳ್ಳ ಹಗಲಿರುಳೂ ಹರಿಯುವುದರಿಂದ ದಿನಕ್ಕೆ 2 ಯೂನಿಟ್‌ಗೂ ಹೆಚ್ಚು. ಮೇಲಿನ ಉದಾಹರಣೆಯ ಮನೆಯಂಥ 20 ಮನೆಗಳ ದೀಪಕ್ಕೆ ಇಷ್ಟು ಸಾಕು. ಮಲೆನಾಡಿನ ಅಡಿಕೆ ಮತ್ತು ಕಾಫಿ ಬೆಳೆಗಾರರು ಇಂಥ ಕಿರುಜಲ ಘಟಕಗಳನ್ನು ಬಹುಕಾಲದಿಂದ ನಡೆಸುತ್ತಿದ್ದಾರೆ, ತಂತ್ರಜ್ಞಾನ ಹೊಸದಲ್ಲ. ಜೂನ್‌ನಿಂದ ನವೆಂಬರ್‌ವರೆಗೆ ಹಳ್ಳ, ಡಿಸೆಂಬರ್‌ನಿಂದ ಮೇವರೆಗೆ ಸೂರ್ಯ ಎಂಬ ಸರದಿ ನಿಸರ್ಗವೇ ಹಾಕಿಕೊಟ್ಟದ್ದು. ಎರಡಕ್ಕೂ ಬ್ಯಾಟರಿ ಒಂದೇ ಇದ್ದರೆ ಸಾಕು.

ಅರಣ್ಯ ಕಾನೂನು ಅಡ್ಡಿಯಾಗುತ್ತದೆ ಎಂಬ ಉತ್ತರ ಕಚೇರಿಗಳಲ್ಲಿ ಸಿದ್ಧವಾಗಿರುತ್ತದೆ. 2006ರ ಅರಣ್ಯ ಹಕ್ಕು ಕಾಯ್ದೆಯ ಸೆಕ್ಷನ್ 3(2)ನ್ನು ಓದಿದವರು ಹಾಗೆ ಹೇಳಲಾರರು. ಸರ್ಕಾರ ನಿರ್ವಹಿಸುವ 13 ಬಗೆಯ ಸೌಲಭ್ಯಗಳಿಗೆ ತಲಾ ಒಂದು ಹೆಕ್ಟೇರ್‌ಗಿಂತ ಕಡಿಮೆ ಅರಣ್ಯ ಭೂಮಿಯನ್ನು, ಹೆಕ್ಟೇರ್‌ಗೆ 75 ಮರಗಳ ಮಿತಿಯೊಳಗೆ, ಗ್ರಾಮಸಭೆಯ ಶಿಫಾರಸಿನ ಮೇರೆಗೆ ಬಳಸಲು ಅದು ಅವಕಾಶ ಕೊಡುತ್ತದೆ. ಆ ಪಟ್ಟಿಯಲ್ಲಿ ವಿದ್ಯುತ್ ಮಾರ್ಗವೂ ಇದೆ, ನೀರಿನ ಪೈಪೂ ಇದೆ, ಅಸಾಂಪ್ರದಾಯಿಕ ಇಂಧನ ಮೂಲವೂ ಇದೆ. ಅಂಗೈಯಗಲದ ಪೈಪು, ಒಂದು ಕಲ್ಲುಕಟ್ಟೆ, ಚಿಕ್ಕ ಪೆಟ್ಟಿಗೆಯಷ್ಟಿರುವ ಯಂತ್ರಕ್ಕೆ ಮರ ಕಡಿಯುವ ಪ್ರಮೇಯವೇ ಇಲ್ಲ. ಈ ಜನರನ್ನು ಮುಂದೆ ಸ್ಥಳಾಂತರಿಸುವುದಿದ್ದರೆ ಹಣ ಏಕೆ ಹೂಡಬೇಕು ಎಂಬ ವಾದವೂ ಇದೆ. ಹುಲಿ ಸಂರಕ್ಷಿತ ಪ್ರದೇಶದಿಂದ ಸ್ಥಳಾಂತರ ಸ್ವಇಚ್ಛೆಯಿಂದ ಆಗಬೇಕಾದುದು, ಅದಕ್ಕೆ ದಿನಾಂಕವಿಲ್ಲ. ಅಲ್ಲಿಯವರೆಗೆ ಕತ್ತಲಲ್ಲಿಡುವುದು ಸ್ವಇಚ್ಛೆಯನ್ನು ಒತ್ತಾಯವಾಗಿ ಮಾರ್ಪಡಿಸುವ ಉಪಾಯವಾದೀತು. ಫಲಕ, ಬ್ಯಾಟರಿ, ಟರ್ಬೈನ್ ಮೂರನ್ನೂ ಬಿಚ್ಚಿ ಹೊಸ ಜಾಗಕ್ಕೆ ಒಯ್ಯಬಹುದು ಎಂಬುದನ್ನೂ ಮರೆಯಬಾರದು.

ಇನ್ನು ಹಣದ ಪ್ರಶ್ನೆ. 2023ರ ಜುಲೈನಿಂದ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಡಿ ಮನೆಯೊಂದಕ್ಕೆ ತಿಂಗಳಿಗೆ 200 ಯೂನಿಟ್‌ವರೆಗೆ, ಅದರ ಹಿಂದಿನ ಸರಾಸರಿ ಬಳಕೆಯ ಆಧಾರದ ಮೇಲೆ, ಉಚಿತ ವಿದ್ಯುತ್ ಸಿಗುತ್ತದೆ. ಹಳಿಯಾಳ ಪೇಟೆಯಲ್ಲಿ ತಿಂಗಳಿಗೆ 50 ಯೂನಿಟ್ ಬಳಸುವ ಸಾಧಾರಣ ಕುಟುಂಬದ ಪರವಾಗಿ, ಯೂನಿಟ್‌ಗೆ ಐದಾರು ರೂಪಾಯಿಯಂತೆ, ಸರ್ಕಾರ ವರ್ಷಕ್ಕೆ 3,000 ರೂಪಾಯಿಗೂ ಹೆಚ್ಚು ಹೆಸ್ಕಾಂಗೆ ಕಟ್ಟುತ್ತದೆ. ಮೀಟರೇ ಇಲ್ಲದ ಕಾಡಿನ ಮನೆಗೆ ಈ ಯೋಜನೆಯಿಂದ ಸಿಗುವುದು ಶೂನ್ಯ. ತನ್ನ ವಿದ್ಯುತ್ತನ್ನು ತಾನೇ ಉತ್ಪಾದಿಸಿಕೊಂಡು, ನಾಲ್ಕೈದು ವರ್ಷಕ್ಕೊಮ್ಮೆ ಬ್ಯಾಟರಿಗೆ ಕೈಯಿಂದ ಹಣ ಹಾಕುವ ಕುಟುಂಬ ಇದು. ಸೌಭಾಗ್ಯ ಯೋಜನೆಯಲ್ಲಿ ಐದು ವರ್ಷಗಳ ನಿರ್ವಹಣೆ ಸೇರಿತ್ತು. ಯೋಜನೆ 2022ರ ಮಾರ್ಚ್‌ನಲ್ಲಿ ಮುಕ್ತಾಯಗೊಂಡಿತು. 2023ರಲ್ಲಿ ಆರಂಭವಾದ ಪಿಎಂ ಜನಮನ್ ಯೋಜನೆಯಡಿ ಜಾಲವಿಲ್ಲದ ಮನೆಗಳಿಗೆ ಸೌರ ವ್ಯವಸ್ಥೆ ಇದೆಯಾದರೂ ಅದು ವಿಶೇಷವಾಗಿ ದುರ್ಬಲವೆಂದು ಗುರುತಿಸಿದ ಬುಡಕಟ್ಟುಗಳಿಗೆ ಸೀಮಿತ. ಕರ್ನಾಟಕದಲ್ಲಿ ಆ ಪಟ್ಟಿಯಲ್ಲಿರುವವರು ಜೇನುಕುರುಬರು ಮತ್ತು ಕೊರಗರು. 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದ ಸಿದ್ದಿಯರಾಗಲಿ, ಜೊಯಿಡಾದ ಕುಣಬಿಯರಾಗಲಿ, ಗೌಳಿಗರಾಗಲಿ ಅದರಲ್ಲಿಲ್ಲ.

ಸೇವೆಯಲ್ಲಿದ್ದ ದಿನಗಳಲ್ಲಿ ನಾನು ಕುಳಿತ ಪ್ರಗತಿ ಪರಿಶೀಲನಾ ಸಭೆಗಳಲ್ಲಿ ‘ಎಷ್ಟು ಮನೆಗೆ ಕೊಟ್ಟಿರಿ’ ಎಂಬ ಪ್ರಶ್ನೆ ತಪ್ಪದೆ ಬರುತ್ತಿತ್ತು. ‘ಕಳೆದ ವಾರ ಎಷ್ಟು ಮನೆಯಲ್ಲಿ ಉರಿಯಿತು’ ಎಂಬುದಕ್ಕೆ ನಮೂನೆಯಲ್ಲಿ ಕಾಲಮ್ಮೇ ಇರುತ್ತಿರಲಿಲ್ಲ. ಆ ಕಾಲಮ್ಮನ್ನು ಸೇರಿಸುವುದರಿಂದಲೇ ಸುಧಾರಣೆ ಆರಂಭವಾಗಬೇಕು. ಜಾಲವಿಲ್ಲದ ಮನೆಗಳ ಪಟ್ಟಿ ಗ್ರಾಮ ಪಂಚಾಯಿತಿಯಲ್ಲಿರಲಿ. ಪ್ರತಿ ವರ್ಷ ಮೇ ತಿಂಗಳಲ್ಲಿ, ರಸ್ತೆ ಕೆಡುವ ಮೊದಲು, ಐಟಿಐ ಕಲಿತ ಸ್ಥಳೀಯ ಯುವಕನೊಬ್ಬ ಪ್ರತಿ ಮನೆಗೆ ಹೋಗಿ ಬ್ಯಾಟರಿಯ ನೀರು, ತಂತಿಯ ಜೋಡಣೆ, ಫಲಕದ ಮೇಲಿನ ಕೊಂಬೆ ನೋಡಿ ಬರಲಿ. ಗೃಹಜ್ಯೋತಿಗೆ ಸಮನಾದ ಮೊತ್ತವನ್ನು ಈ ಮನೆಗಳ ಹೆಸರಿನಲ್ಲಿ ಬ್ಯಾಟರಿ ನಿಧಿಯಾಗಿ ಇರಿಸಲಿ. ಎರಡು ಮೂರು ವರ್ಷದ ಮೊತ್ತದಲ್ಲಿ ಚಿಕ್ಕ ಬ್ಯಾಟರಿ ಬದಲಿಸಬಹುದು. ಹೆಚ್ಚು ಆಳಕ್ಕೆ ಬಳಸಬಲ್ಲ, ಹೆಚ್ಚು ಕಾಲ ಬಾಳುವ ಲಿಥಿಯಂ ಫಾಸ್ಫೇಟ್ ಬ್ಯಾಟರಿಗೆ ಉಳಿದ ಹಣವನ್ನು ಸಾಲವಾಗಿ ಪಡೆಯುವ ದಾರಿಯೂ ಇರಬೇಕು. 2003ರಲ್ಲಿಯೇ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ನೆರವಿನಿಂದ ಕೆನರಾ ಬ್ಯಾಂಕ್ ಮತ್ತು ಸಿಂಡಿಕೇಟ್ ಬ್ಯಾಂಕ್ ಮನೆಯ ಸೌರದೀಪಕ್ಕೆ ಸಾಲ ಕೊಟ್ಟ ರಾಜ್ಯ ನಮ್ಮದು. ಅಂದು ಫಲಕಕ್ಕೆ ದೊರೆತ ಸಾಲ ಇಂದು ಬ್ಯಾಟರಿಗೆ ದೊರೆಯಲು ಅಡ್ಡಿಯೇನಿಲ್ಲ.

ಜಾಲದ ಸಂಪರ್ಕವಿರುವ ದಾಂಡೇಲಿ, ಹಳಿಯಾಳ, ಮುಂಡಗೋಡಗಳ ಮನೆಗಳವರಿಗೂ ಮಳೆಗಾಲ ಒಂದು ಪಾಠ ಕಲಿಸುತ್ತದೆ. 2024ರ ಫೆಬ್ರುವರಿಯಲ್ಲಿ ಆರಂಭವಾದ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯಲ್ಲಿ 1 ಕಿಲೋವಾಟ್‌ಗೆ 30 ಸಾವಿರ, 2 ಕಿಲೋವಾಟ್‌ಗೆ 60 ಸಾವಿರ, 3 ಮತ್ತು ಅದಕ್ಕೂ ಹೆಚ್ಚಿನದಕ್ಕೆ 78 ಸಾವಿರ ರೂಪಾಯಿ ಸಹಾಯಧನವಿದೆ. ಆದರೆ ಬ್ಯಾಟರಿಯಿಲ್ಲದ ಸಾಮಾನ್ಯ ಘಟಕ, ಲೈನ್‌ಮನ್‌ಗಳ ಸುರಕ್ಷತೆಗಾಗಿ, ಹೆಸ್ಕಾಂ ವಿದ್ಯುತ್ ಹೋದೊಡನೆ ತಾನೂ ನಿಲ್ಲುತ್ತದೆ. ಮಳೆಗಾಳಿಗೆ ಕಂಬ ಬಿದ್ದ ದಿನ ಛಾವಣಿಯ ಫಲಕದಿಂದ ಒಂದು ದೀಪವೂ ಉರಿಯದು. ಇದನ್ನು ಕೊಳ್ಳುವ ಮೊದಲೇ ತಿಳಿಸಬೇಕು. ಬೇಕಾದವರು ಬ್ಯಾಟರಿ ಜೋಡಿಸಬಹುದಾದ ಹೈಬ್ರಿಡ್ ಇನ್ವರ್ಟರ್ ಆರಿಸಿಕೊಳ್ಳುತ್ತಾರೆ. ಮಾರ್ಚ್ ತಿಂಗಳಲ್ಲಿ ಜಾಲಕ್ಕೆ ಕೊಟ್ಟ ಯೂನಿಟ್ಟನ್ನು ಜುಲೈನಲ್ಲಿ ಯೂನಿಟ್ಟಾಗಿಯೇ ಮರಳಿ ಪಡೆಯುವ ವಾರ್ಷಿಕ ಲೆಕ್ಕ ಮಲೆನಾಡಿನ ಮನೆಗಳಿಗೆ ನ್ಯಾಯವಾದುದು. ಸೂಪಾ ಜಲಾಶಯ ರಾಜ್ಯಕ್ಕೆ ಮಾಡುವ ಉಪಕಾರವನ್ನು ಜಾಲ ಈ ಮನೆಗಳಿಗೆ ಮಾಡಿದಂತಾಗುತ್ತದೆ.

ಸರ್ಕಾರ ಮಾಡುವವರೆಗೆ ಮನೆಯವರು ಮಾಡಿಕೊಳ್ಳಬಹುದಾದುದೂ ಸ್ವಲ್ಪ ಇದೆ. ಮೋಡದ ದಿನ ಬೆಳಕು ಆಕಾಶದ ಎಲ್ಲ ದಿಕ್ಕಿನಿಂದ ಚದುರಿ ಬರುತ್ತದೆ. ಜೂನ್‌ನಲ್ಲಿ ನಡುಹಗಲಿನ ಸೂರ್ಯ ನಮ್ಮ ನೆತ್ತಿಗಿಂತ ತುಸು ಉತ್ತರಕ್ಕಿರುತ್ತಾನೆ. ಹೀಗಾಗಿ ದಕ್ಷಿಣಕ್ಕೆ ತೀರಾ ಓರೆಯಾಗಿ ನಿಲ್ಲಿಸಿದ ಫಲಕಕ್ಕಿಂತ, ನೀರು ಹರಿದುಹೋಗುವಷ್ಟೇ ಇಳಿಜಾರಾಗಿ ಮಲಗಿಸಿದ ಫಲಕ ಮಳೆಗಾಲದಲ್ಲಿ ಹೆಚ್ಚು ಬೆಳಕು ಹಿಡಿಯುತ್ತದೆ. ಫಲಕದ ಮೇಲಿನ ಪಾಚಿ, ಅಂಟಿಕೊಂಡ ಎಲೆಗಳನ್ನು ವಾರಕ್ಕೊಮ್ಮೆ ಒರೆಸಬೇಕು. ಒಂದು ಎಲೆಯ ನೆರಳೂ ಉತ್ಪಾದನೆಯನ್ನು ಗಣನೀಯವಾಗಿ ತಗ್ಗಿಸಬಲ್ಲದು. ಮೊಬೈಲನ್ನು ರಾತ್ರಿ ಬ್ಯಾಟರಿಯಿಂದ ತುಂಬಿಸುವ ಬದಲು ನಡುಹಗಲಿನಲ್ಲಿ ತುಂಬಿಸಿದರೆ ಬ್ಯಾಟರಿಯ ಹೊರೆ ಕಡಿಮೆ. ಬಳಕೆಯ ಮಿತಿಯನ್ನು ಬ್ಯಾಟರಿ ಸೋತ ಮೇಲೆ ಹಾಕಿಕೊಂಡು ಫಲವಿಲ್ಲ. ಮೋಡ ಕಟ್ಟಿದ ಮೊದಲ ದಿನದಿಂದಲೇ ಮೂರು ದೀಪದ ಬದಲು ಎರಡು ಉರಿಸಿದರೆ ನಾಲ್ಕು ದಿನದ ಬೆಳಕು ಎಂಟು ದಿನ ಬರುತ್ತದೆ.

ಆದರೆ ಮಿತವ್ಯಯದ ಉಪದೇಶಕ್ಕೂ ಮಿತಿಯುಂಟು. ಮೂರು ದೀಪದಲ್ಲಿ ಒಂದನ್ನು ಆರಿಸಿರಿ ಎಂದು ಕಾಡಿನ ಮನೆಗೆ ಹೇಳುವ ಸಮಾಜ, ತಿಂಗಳಿಗೆ 200 ಯೂನಿಟ್ ಉಚಿತವಾಗಿ ಪಡೆಯುವ ಮನೆಗೆ ಏನನ್ನೂ ಹೇಳುತ್ತಿಲ್ಲ. ಮುಂದಿನ ಆಯವ್ಯಯದಲ್ಲಿ ಜಾಲವಿಲ್ಲದ ಮನೆಗಳ ಬ್ಯಾಟರಿಗೂ ಹಳ್ಳದ ಟರ್ಬೈನಿಗೂ ಒಂದು ಶೀರ್ಷಿಕೆ ತೆರೆದರೆ, ಗೃಹಜ್ಯೋತಿಯ ವೆಚ್ಚದ ಮುಂದೆ ಆ ಮೊತ್ತ ಕಣ್ಣಿಗೆ ಕಾಣಿಸದಷ್ಟು ಸಣ್ಣದು. ಜಿಲ್ಲಾಡಳಿತ ಮಾಡಬೇಕಾದ ಮೊದಲ ಕೆಲಸ ಇನ್ನೂ ಸುಲಭದ್ದು: ಜೊಯಿಡಾಕ್ಕೆ ಬರುವ ಪ್ರತಿ ಸೌರ ಯೋಜನೆಯ ಅಂದಾಜುಪಟ್ಟಿಯನ್ನು ವರ್ಷದ ಸರಾಸರಿಗೆ ಬದಲಾಗಿ ಜುಲೈ ತಿಂಗಳ ಬಿಸಿಲಿಗೆ ಅಳೆದು ತಯಾರಿಸುವುದು.